ಹಳೆಯ ಕ್ಯಾಂಪರ್ ವ್ಯಾನಿಗೆ ಬೇರೆ ಎಂಜಿನ್: ಅಶ್ವಶಕ್ತಿಗಿಂತ ನೀರಿನ ಲೆಕ್ಕ ದೊಡ್ಡದು

ವೋಕ್ಸ್‌ವ್ಯಾಗನ್ ಟಿ3 ಮಾದರಿಯ ಕ್ಯಾಂಪರ್ ವ್ಯಾನ್ ಇಟ್ಟುಕೊಂಡವರು ಒಂದಲ್ಲ ಒಂದು ದಿನ ಅದರ ಎಂಜಿನ್ ಬದಲಿಸುವ ಮಾತನ್ನು ಎತ್ತಿಯೇ ಎತ್ತುತ್ತಾರೆ. ನಾನೂ ಬಹುಕಾಲ ಮಾತಿನಲ್ಲೇ ಕಳೆದು, ಕೊನೆಗೊಮ್ಮೆ 1.9 ಲೀಟರಿನ, 78 ಅಶ್ವಶಕ್ತಿಯ ಮೂಲ ಎಂಜಿನ್ನನ್ನು ಇಳಿಸಿ, ಆ ಜಾಗದಲ್ಲಿ ಸುಬಾರು ಕಾರಿನ 2.2 ಲೀಟರಿನ ಇಜೆ22 ಎಂಜಿನ್ನನ್ನು ಕೂರಿಸಿದೆ. ಇಂಥ ಕೆಲಸಕ್ಕೆ ಕೈಹಾಕುವವರು ಮೊದಲು ಕೇಳುವ ಪ್ರಶ್ನೆ ಎಷ್ಟು ಅಶ್ವಶಕ್ತಿ ಸಿಗುತ್ತದೆ ಎಂಬುದು. ನನ್ನ ಅಭಿಪ್ರಾಯದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಎಂಜಿನ್ನಿನ ಸುತ್ತ ಹರಿಯುವ ನೀರು, ಅದಕ್ಕೆ ಸೇರುವ ವೈರು, ಅದರ ಎಳೆತವನ್ನು ತಾಳಬೇಕಾದ ಗೇರ್‌ಬಾಕ್ಸು, ಈ ಮೂರನ್ನು ಮೊದಲು ಬಗೆಹರಿಸಿಕೊಂಡವರ ವ್ಯಾನುಗಳು ರಸ್ತೆಯಲ್ಲಿವೆ. ಎಂಜಿನ್ನನ್ನು ಮಾತ್ರ ತಂದಿಟ್ಟುಕೊಂಡವರ ವ್ಯಾನುಗಳು ಶೆಡ್ಡಿನಲ್ಲಿವೆ.

ಶಕ್ತಿ ನಿಜಕ್ಕೂ ಎಷ್ಟು ಬೇಕು ಎಂಬುದನ್ನು ಊಹೆಗೆ ಬಿಡದೆ ಲೆಕ್ಕ ಹಾಕಿ ನೋಡಬಹುದು. ಹಾಸಿಗೆ, ನೀರಿನ ಟ್ಯಾಂಕು, ಒಲೆ, ಸಾಮಾನು, ಜನ ಎಲ್ಲ ಸೇರಿ ವ್ಯಾನಿನ ತೂಕ 2200 ಕಿಲೋ ಎಂದಿಟ್ಟುಕೊಳ್ಳೋಣ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಸಾಗಲು, ಗಾಳಿಯ ತಡೆ ಮತ್ತು ಟೈರಿನ ತಡೆ ಎರಡನ್ನೂ ಸೇರಿಸಿದರೂ ಎಂಜಿನ್ನಿನಿಂದ ಬೇಕಾಗುವುದು ಸುಮಾರು 40 ಅಶ್ವಶಕ್ತಿ ಮಾತ್ರ. ಆದರೆ ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆ ಬಂದಾಗ, ವೇಗವನ್ನು 80ಕ್ಕೆ ಇಳಿಸಿದರೂ, ಗುರುತ್ವದ ಎಳೆತವೊಂದೇ ಸುಮಾರು 1300 ನ್ಯೂಟನ್ ಆಗುತ್ತದೆ. ಉಳಿದ ತಡೆಗಳನ್ನು ಸೇರಿಸಿ, ಗೇರ್‌ಬಾಕ್ಸಿನಲ್ಲಿ ಸೋರಿಹೋಗುವುದನ್ನೂ ಲೆಕ್ಕಕ್ಕೆ ಹಿಡಿದರೆ ಎಂಜಿನ್ ಎಡೆಬಿಡದೆ 70 ಅಶ್ವಶಕ್ತಿ ಕೊಡುತ್ತಿರಬೇಕು. ನನ್ನ ಹಳೆಯ ಎಂಜಿನ್ ನಾಲ್ಕನೇ ಗೇರಿನಲ್ಲಿ ಆ ವೇಗಕ್ಕೆ ನಿಮಿಷಕ್ಕೆ 2700 ಸುತ್ತು ತಿರುಗುತ್ತಿತ್ತು, ಅಲ್ಲಿ ಅದರಿಂದ ಸಿಗುತ್ತಿದ್ದದ್ದು 54 ಅಶ್ವಶಕ್ತಿಯ ಆಸುಪಾಸು. ಮೂರನೇ ಗೇರಿಗೆ ಇಳಿಸಿ, 4000 ಸುತ್ತಿನಲ್ಲಿ ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಹಿಡಿದರೆ ಮಾತ್ರ ಲೆಕ್ಕ ಹೇಗೋ ಸರಿಹೋಗುತ್ತಿತ್ತು. ಸಮುದ್ರಮಟ್ಟದಿಂದ 2000 ಮೀಟರ್ ಎತ್ತರಕ್ಕೆ ಹೋದರೆ ಗಾಳಿಯ ಸಾಂದ್ರತೆ ಹೆಚ್ಚುಕಡಿಮೆ ಐದನೇ ಒಂದು ಭಾಗ ಕುಗ್ಗುವುದರಿಂದ, ಟರ್ಬೊ ಇಲ್ಲದ ಎಂಜಿನ್ನಿನ ಶಕ್ತಿಯೂ ಅಷ್ಟೇ ಕುಗ್ಗಿ, ಆ ಸರಿಹೋಗುವಿಕೆಯೂ ಇಲ್ಲವಾಗುತ್ತದೆ. ಅಂದರೆ ಈ ವ್ಯಾನಿಗೆ ಕೊರತೆ ಇರುವುದು ವೇಗದಲ್ಲಲ್ಲ, ಏರಿನಲ್ಲಿ. ಆ ಕೊರತೆಯನ್ನು ನೀಗಿಸಲು 120ರಿಂದ 135 ಅಶ್ವಶಕ್ತಿ ಧಾರಾಳವಾಗಿ ಸಾಕು.

ಈ ಕೊರತೆ ತಯಾರಕರಿಗೆ ತಿಳಿಯದ್ದೇನಲ್ಲ. 1979ರಲ್ಲಿ ಟಿ3 ಮಾರುಕಟ್ಟೆಗೆ ಬಂದಾಗ ಅದರಲ್ಲಿದ್ದದ್ದು ಗಾಳಿಯಿಂದ ತಂಪಾಗುವ 1.6 ಲೀಟರಿನ 50 ಅಶ್ವಶಕ್ತಿಯ ಎಂಜಿನ್ ಅಥವಾ 2.0 ಲೀಟರಿನ 70 ಅಶ್ವಶಕ್ತಿಯ ಎಂಜಿನ್. ಅನಂತರ ಬಂದ 1.6 ಲೀಟರಿನ ಡೀಸೆಲ್ಲಿಗೂ 50ರ ಮೇಲೆ ದಮ್ಮಿರಲಿಲ್ಲ. ಮೇಲಿನ ಲೆಕ್ಕವನ್ನೇ ಅದಕ್ಕೆ ಹಾಕಿದರೆ ಆ ಏರಿನಲ್ಲಿ ಅದು ಗಂಟೆಗೆ ಅರವತ್ತು ಚಿಲ್ಲರೆ ಕಿಲೋಮೀಟರ್ ದಾಟುವುದಿಲ್ಲ. 1982ರ ಕೊನೆಯಲ್ಲಿ ನೀರಿನಿಂದ ತಂಪಾಗುವ 1.9 ಲೀಟರಿನ ‘ವಾಸ್ಸರ್‌ಬಾಕ್ಸರ್’ ಬಂತು (ನನ್ನ ವ್ಯಾನಿನ ಮೂಲ ಎಂಜಿನ್ ಇದೇ), ಮುಂದೆ ಅದೇ 2.1 ಲೀಟರಿಗೆ ಬೆಳೆದು 112 ಅಶ್ವಶಕ್ತಿಯವರೆಗೆ ಹೋಯಿತು. ಪೋರ್ಷೆ ಕಂಪನಿಯವರು ತಮ್ಮ 911 ಕರೇರಾ ಕಾರಿನ 3.2 ಲೀಟರಿನ, 231 ಅಶ್ವಶಕ್ತಿಯ ಆರು ಸಿಲಿಂಡರ್ ಎಂಜಿನ್ನನ್ನು ಇದೇ ವ್ಯಾನಿನ ಹಿಂಬದಿಗೆ ತುರುಕಿ, ಬಿ32 ಎಂಬ ಹೆಸರಿನಲ್ಲಿ ಬೆರಳೆಣಿಕೆಯಷ್ಟು ಗಾಡಿಗಳನ್ನು ತಯಾರಿಸಿದ್ದೂ ಉಂಟು. ಯುರೋಪಿನಲ್ಲಿ ತಯಾರಿಕೆ ನಿಂತ ಮೇಲೂ 2002ರವರೆಗೆ ಟಿ3 ಕಟ್ಟುತ್ತಲೇ ಇದ್ದ ದಕ್ಷಿಣ ಆಫ್ರಿಕಾದ ಕಾರ್ಖಾನೆ, ಆಡಿ ಮೂಲದ ಐದು ಸಿಲಿಂಡರಿನ ಎಂಜಿನ್ನುಗಳನ್ನು ಅದಕ್ಕೆ ಅಳವಡಿಸಿತು; ಅವುಗಳಲ್ಲಿ ದೊಡ್ಡದಾದ 2.6 ಲೀಟರಿನದಕ್ಕೆ 136 ಅಶ್ವಶಕ್ತಿ. ಕಾರ್ಖಾನೆಯೇ ಕೊನೆಗೆ ಬಂದು ನಿಂತ ಆ ಅಂಕಿಯನ್ನು ನಾನು ಒಂದು ಮಿತಿಯ ಗೆರೆಯಂತೆ ನೋಡುತ್ತೇನೆ.

ವಾಸ್ಸರ್‌ಬಾಕ್ಸರ್ ಎಂಜಿನ್ನಿನ ದೌರ್ಬಲ್ಯ ಶಕ್ತಿಯದ್ದಷ್ಟೇ ಅಲ್ಲ. ಅದರ ಸಿಲಿಂಡರ್ ಹೆಡ್ಡಿಗೂ ಬ್ಲಾಕಿನ ಹೊರಗೋಡೆಗೂ ನಡುವೆ ನೀರನ್ನು ತಡೆದು ಹಿಡಿಯುವುದು ಒಂದು ರಬ್ಬರ್ ಪಟ್ಟಿ. ಆ ಪಟ್ಟಿ ಕೂರುವ ಅಲ್ಯೂಮಿನಿಯಂ ಅಂಚು, ವಿಶೇಷವಾಗಿ ತಪ್ಪು ಬಗೆಯ ಕೂಲಂಟ್ (ಎಂಜಿನ್ನನ್ನು ತಂಪಾಗಿಡುವ ದ್ರವ) ಹಾಕಿದಾಗ ಅಥವಾ ಕಾಲಕಾಲಕ್ಕೆ ಅದನ್ನು ಬದಲಿಸದೆ ಬಿಟ್ಟಾಗ, ತುಕ್ಕಿನಿಂದ ಕುಳಿಬಿದ್ದು ಅಲ್ಲಿಂದ ನೀರು ಜಿನುಗಲು ತೊಡಗುತ್ತದೆ. ಹೆಡ್ಡುಗಳನ್ನು ಬದಲಿಸಿ ಅದೇ ಎಂಜಿನ್ನನ್ನು ಮತ್ತೆ ಕಟ್ಟುವುದಕ್ಕೂ ಬೇರೆ ಎಂಜಿನ್ ಕೂರಿಸುವುದಕ್ಕೂ ತಗಲುವ ಖರ್ಚು ಹತ್ತಿರ ಹತ್ತಿರ ಬಂದಾಗಲೇ ಬಹಳ ಮಂದಿ ಬದಲಾವಣೆಯ ನಿರ್ಧಾರಕ್ಕೆ ಬರುವುದು. ಹಾಗಿದ್ದರೂ, ಬದಲಿ ಎಂಜಿನ್ ಅಗ್ಗ ಎಂದು ನಂಬಿ ಈ ದಾರಿಗೆ ಬರಬೇಡಿ. ಎಂಜಿನ್ ಅಗ್ಗವಾಗಿರಬಹುದು, ಅದನ್ನು ವ್ಯಾನಿಗೆ ಒಗ್ಗಿಸುವ ಬಿಡಿಭಾಗಗಳು ಅಗ್ಗವಲ್ಲ.

ಆಯ್ಕೆಗಳಲ್ಲಿ ಎರಡು ಗಟ್ಟಿಯಾದವು. ಒಂದು ವೋಕ್ಸ್‌ವ್ಯಾಗನ್ನಿನದೇ 1.9 ಲೀಟರಿನ ಟಿಡಿಐ ಡೀಸೆಲ್. ಅದರ ಮೊದಲ ತಲೆಮಾರಿನವಕ್ಕೆ 90 ಅಶ್ವಶಕ್ತಿಯಷ್ಟೇ ಇದ್ದರೂ 1900 ಸುತ್ತಿನಲ್ಲೇ 202 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಸಿಗುವುದರಿಂದ ಏರಿನಲ್ಲಿ ಗೇರ್ ಇಳಿಸುವ ಗೋಜು ಕಡಿಮೆ. ಟರ್ಬೊ ಇರುವುದರಿಂದ ಎತ್ತರದ ಜಾಗದಲ್ಲೂ ಅಷ್ಟಾಗಿ ಸೊರಗುವುದಿಲ್ಲ. ಇಂಧನದ ಖರ್ಚಿನಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ನೆಟ್ಟಗೆ ನಿಲ್ಲುವ ಆ ಎಂಜಿನ್ನನ್ನು ಟಿ3ರ ಗಿಡ್ಡ ಗೂಡಿನೊಳಗೆ ಇಡಬೇಕಾದರೆ, ಕಾರ್ಖಾನೆಯವರು ತಮ್ಮ ಡೀಸೆಲ್ ಮಾದರಿಯಲ್ಲಿ ಮಾಡಿದಂತೆ, 50 ಡಿಗ್ರಿ ಓರೆಯಾಗಿ ಮಲಗಿಸಬೇಕು. ಅದಕ್ಕೆ ತಕ್ಕ ಆಯಿಲ್ ಸಂಪು (ಎಂಜಿನ್ನಿನ ತಳದ ಎಣ್ಣೆ ತೊಟ್ಟಿ), ಆಧಾರದ ತೊಲೆಗಳು, ಬೆಲ್ ಹೌಸಿಂಗು (ಕ್ಲಚ್ಚನ್ನು ಮುಚ್ಚುವ ಗೇರ್‌ಬಾಕ್ಸಿನ ಭಾಗ) ಎಲ್ಲವೂ ಹಳೆಯ ಡೀಸೆಲ್ ವ್ಯಾನಿನಿಂದ ಬರಬೇಕು. ಎರಡನೆಯದು ಸುಬಾರು. ಅದರ ಸಿಲಿಂಡರುಗಳು ಮೂಲ ಎಂಜಿನ್ನಿನಂತೆಯೇ ಎರಡೂ ಬದಿಗೆ ಅಡ್ಡಲಾಗಿ ಮಲಗಿರುವುದರಿಂದ ಗೂಡಿಗೆ ಸಹಜವಾಗಿ ಹೊಂದುತ್ತದೆ, ತೂಕದಲ್ಲಿಯೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ತಿರುಗುವ ದಿಕ್ಕೂ ಒಂದೇ ಆದ್ದರಿಂದ ವ್ಯಾನಿನ ಗೇರ್‌ಬಾಕ್ಸನ್ನೇ ಉಳಿಸಿಕೊಳ್ಳಬಹುದು. ಸುಬಾರುವಿನಲ್ಲೂ 2.5 ಲೀಟರಿನ ನಾಲ್ಕು ಸಿಲಿಂಡರು, 3.0 ಮತ್ತು 3.3 ಲೀಟರಿನ ಆರು ಸಿಲಿಂಡರುಗಳು ಇವೆಯೆಂದು ಆಸೆ ತೋರಿಸುವವರು ಬಹಳ. ಮೊದಲ ತಲೆಮಾರಿನ 2.5 ಲೀಟರಿನ ಎಂಜಿನ್ನಿಗೆ ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲು) ಹೋಗುವ ಕೆಟ್ಟ ಹೆಸರಿದೆ. ಒಂದು ಸೋರುವ ಎಂಜಿನ್ನನ್ನು ಇಳಿಸಿ ಇನ್ನೊಂದು ಸೋರುವ ಎಂಜಿನ್ನನ್ನು ಏರಿಸುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ. ಆರು ಸಿಲಿಂಡರಿನದು ಗೇರ್‌ಬಾಕ್ಸಿಗೆ ಹೊರೆ. 1990ರ ದಶಕದ ಮೊದಲ ಭಾಗದ ಇಜೆ22ಕ್ಕೆ 130ರ ಆಸುಪಾಸಿನ ಅಶ್ವಶಕ್ತಿ, 185ರ ಆಸುಪಾಸಿನ ನ್ಯೂಟನ್ ಮೀಟರ್ ಟಾರ್ಕ್. ಅದರ ಟೈಮಿಂಗ್ ಬೆಲ್ಟ್ ಹರಿದರೂ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುವುದಿಲ್ಲ. ಮನೆಯಿಂದ ದೂರ ಹೋಗುವುದಕ್ಕೆಂದೇ ಇರುವ ಗಾಡಿಯಲ್ಲಿ ಈ ಕೊನೆಯ ಗುಣ ಇಪ್ಪತ್ತು ಅಶ್ವಶಕ್ತಿಗಿಂತ ಹೆಚ್ಚು ಬೆಲೆಬಾಳುತ್ತದೆ.

ಎಂಜಿನ್ನನ್ನು ಬಿಡಿಯಾಗಿ ಕೊಳ್ಳುವುದಕ್ಕಿಂತ, ಓಡುವ ಸ್ಥಿತಿಯಲ್ಲಿರುವ, ಆದರೆ ಬಾಡಿ ತುಕ್ಕು ಹಿಡಿದು ಗುಜರಿಗೆ ಹೊರಟಿರುವ ಇಡೀ ಕಾರನ್ನು ಕೊಳ್ಳುವುದು ಮೇಲು. ಎಂಜಿನ್ ಬಿಸಿಯಾದಾಗ ಹೇಗೆ ಓಡುತ್ತದೆ, ಹೊಗೆ ಬರುತ್ತದೆಯೇ, ಕೂಲಂಟ್ ಟ್ಯಾಂಕಿನಲ್ಲಿ ಗುಳ್ಳೆ ಏಳುತ್ತದೆಯೇ ಎಂಬುದನ್ನು ಕಣ್ಣಾರೆ ನೋಡಬಹುದು. ಅದಕ್ಕಿಂತ ಮುಖ್ಯವಾಗಿ, ವೈರಿಂಗಿನ ಇಡೀ ಜಾಲ, ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರು), ರಿಲೇಗಳು, ಸೆನ್ಸರುಗಳು, ಅವುಗಳ ಪ್ಲಗ್ಗುಗಳು ಎಲ್ಲವೂ ಒಂದೇ ಗಾಡಿಯವಾಗಿ, ಒಂದಕ್ಕೊಂದು ಹೊಂದುವಂತೆ ಸಿಗುತ್ತವೆ. ಎಂಜಿನ್ ಹೊರಗೆ ಸ್ಟ್ಯಾಂಡಿನ ಮೇಲಿರುವಾಗಲೇ ಟೈಮಿಂಗ್ ಬೆಲ್ಟು, ಅದರ ಟೆನ್ಷನರು ಮತ್ತು ರೋಲರುಗಳು, ವಾಟರ್ ಪಂಪು, ಕ್ರ್ಯಾಂಕಿನ ಎರಡೂ ತುದಿಯ ಆಯಿಲ್ ಸೀಲುಗಳು, ಫ್ಲೈವೀಲಿನ ಹಿಂದಿರುವ ಆಯಿಲ್ ಸೆಪರೇಟರ್ ತಟ್ಟೆ, ಇಷ್ಟನ್ನೂ ಬದಲಿಸಿಬಿಡಬೇಕು. ಆ ತಟ್ಟೆ ಪ್ಲಾಸ್ಟಿಕ್ಕಿನದಾಗಿದ್ದರೆ ಲೋಹದ್ದನ್ನು ಹಾಕುವುದು ಲೇಸು. ಒಳಗೆ ಕೂರಿಸಿದ ಮೇಲೆ ಇವುಗಳಲ್ಲಿ ಯಾವುದೊಂದನ್ನು ಮುಟ್ಟಬೇಕಾದರೂ ಕೆಲಸ ಹತ್ತು ಪಟ್ಟಾಗುತ್ತದೆ.

ಗೇರ್‌ಬಾಕ್ಸಿಗೂ ಎಂಜಿನ್ನಿಗೂ ನಡುವೆ ಒಂದು ಅಡಾಪ್ಟರ್ ತಟ್ಟೆ ಬರುತ್ತದೆ. 228 ಮಿಲಿಮೀಟರಿನ ಕ್ಲಚ್ ಕೂರುವಂತೆ ಫ್ಲೈವೀಲಿಗೆ ಹೊಸ ರಂಧ್ರಗಳು ಬೇಕು. ಗೇರ್‌ಬಾಕ್ಸಿನ ಒಳಬರುವ ದಂಡದ ತುದಿಯನ್ನು ಹಿಡಿಯುವ ಪೈಲಟ್ ಬೇರಿಂಗು ಅದರ ಅಳತೆಗೆ ತಕ್ಕದ್ದಿರಬೇಕು. ಇವನ್ನೆಲ್ಲ ಕೆಲವು ವರ್ಕ್‌ಶಾಪುಗಳು ಸಿದ್ಧ ಕಿಟ್ಟುಗಳಾಗಿಯೇ ಮಾರುತ್ತವೆ, ಆದ್ದರಿಂದ ಇದು ತಲೆನೋವಿನ ಭಾಗವಲ್ಲ. ಸುಬಾರುವಿನ ಆಯಿಲ್ ಸಂಪು ಮಾತ್ರ ಆಳವಾಗಿದ್ದು ವ್ಯಾನಿನ ಕೆಳಗೆ ಜೋತುಬೀಳುತ್ತದೆ. ಅದನ್ನು ಕತ್ತರಿಸಿ ಗಿಡ್ಡ ಮಾಡುವಾಗ ಎಣ್ಣೆ ಹೀರುವ ಕೊಳವೆಯನ್ನೂ ಅಷ್ಟೇ ಗಿಡ್ಡ ಮಾಡಿ, ಕಳೆದುಹೋದ ಗಾತ್ರವನ್ನು ಅಗಲದಲ್ಲಿ ತುಂಬಿಕೊಂಡು, ತಿರುವುಗಳಲ್ಲಿ ಎಣ್ಣೆ ಒಂದು ಬದಿಗೆ ಸರಿದು ಕೊಳವೆ ಗಾಳಿ ಹೀರದಂತೆ ಒಳಗೆ ತಡೆಗಳನ್ನು ಬೆಸೆದಿರಬೇಕು. ಚೆನ್ನಾಗಿ ಬೆಸೆದ ಸಂಪನ್ನು ಕೊಂಡುಕೊಳ್ಳುವುದೇ ವಾಸಿ. ಇಲ್ಲಿ ಹಣ ಉಳಿಸಿದರೆ ಬೇರಿಂಗುಗಳು ಅದನ್ನು ವಸೂಲು ಮಾಡುತ್ತವೆ.

ಈಗ ನೀರಿನ ಮಾತು. ಟಿ3ರಲ್ಲಿ ಎಂಜಿನ್ ಹಿಂದೆ, ರೇಡಿಯೇಟರ್ ಮುಂದೆ. ನಡುವೆ ಗಾಡಿಯ ಹೊಟ್ಟೆಯ ಕೆಳಗೆ ಎರಡು ಉದ್ದನೆಯ ಕೊಳವೆಗಳು. ಒಟ್ಟು ಸುಮಾರು 16 ಲೀಟರ್ ಕೂಲಂಟ್. ಇಷ್ಟು ನೀರು ಇಷ್ಟು ದೂರ ಹೋಗಿಬರುವುದೇ ಇಲ್ಲಿನ ಸಮಸ್ಯೆಗಳ ಮೂಲ. ಸುಬಾರು ಎಂಜಿನ್ನಿನಲ್ಲಿ ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ತೆರೆದು ಮುಚ್ಚಿ ನೀರನ್ನು ಬಿಡುವ ವಾಲ್ವು) ಇರುವುದು ಬಿಸಿನೀರು ಹೊರಡುವ ಬಾಯಲ್ಲಲ್ಲ, ತಣ್ಣೀರು ಮರಳಿ ಬರುವ ಬಾಯಲ್ಲಿ, ವಾಟರ್ ಪಂಪಿನ ತಳಭಾಗದಲ್ಲಿ. ಅದು ಸುಮಾರು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೆರೆಯಲು ತೊಡಗುತ್ತದೆ. ಆದರೆ ರೇಡಿಯೇಟರಿನ ಕಡೆಯಿಂದ ಬರುವ ಕೊಳವೆಯಲ್ಲಿ ನಿಂತ ನೀರು ತಣ್ಣಗಿರುವಾಗ, ಎಂಜಿನ್ ಬಿಸಿಯಾಗಿದೆ ಎಂಬುದು ಅದಕ್ಕೆ ತಿಳಿಯುವುದು ಹೇಗೆ? ಕಾರಿನಲ್ಲಿ ಇದಕ್ಕೊಂದು ಸರಳ ಏರ್ಪಾಡಿದೆ: ಹೀಟರಿಗೆ ಹೋದ ಬಿಸಿನೀರು ಯಾವಾಗಲೂ ಸುತ್ತುತ್ತಲೇ ಇದ್ದು, ಥರ್ಮೋಸ್ಟಾಟಿನ ಒಳಮೈಗೆ ಬಂದು ತಾಗುತ್ತದೆ, ಆ ಬಿಸಿಯೇ ಅದಕ್ಕೆ ಸುದ್ದಿ. ಟಿ3ರಲ್ಲಿ ಹೀಟರಿನ ದಾರಿಗೆ ಒಂದು ವಾಲ್ವಿದೆ. ಬೇಸಿಗೆಯಲ್ಲಿ ಹೀಟರ್ ಬೇಡವೆಂದು ಅದನ್ನು ಮುಚ್ಚಿದೊಡನೆ ಆ ಸುದ್ದಿಯ ದಾರಿಯೂ ಮುಚ್ಚಿಹೋಗುತ್ತದೆ. ಆಗ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಇದ್ದು, ಎಂಜಿನ್ನಿನೊಳಗೆ ನೀರು ಕುದಿಯುವ ಹಂತಕ್ಕೆ ಬರುವವರೆಗೆ ಕಾದು, ಆಮೇಲೆ ತಟ್ಟನೆ ತೆರೆದು, ಮುಂದಿನಿಂದ ಬಂದ ತಣ್ಣೀರಿಗೆ ಬೆದರಿ ಮತ್ತೆ ಮುಚ್ಚುತ್ತದೆ. ತಾಪಮಾನದ ಮುಳ್ಳು ಉಯ್ಯಾಲೆಯಾಡುವ ಬದಲಿ ಎಂಜಿನ್ನುಗಳ ದೂರಿಗೆ ಇದೊಂದು ಸಾಮಾನ್ಯ ಕಾರಣ. ಎಷ್ಟೋ ಮಂದಿ ಇದನ್ನರಿಯದೆ ರೇಡಿಯೇಟರ್, ಪಂಪು, ಹೆಡ್ ಗ್ಯಾಸ್ಕೆಟ್ ಒಂದೊಂದನ್ನೇ ಬದಲಿಸುತ್ತ ಹೋಗುತ್ತಾರೆ.

ಪರಿಹಾರವೆಂದರೆ ಹೀಟರಿನ ವಾಲ್ವು ಮುಚ್ಚಿದ್ದರೂ ನಿಲ್ಲದೆ ಹರಿಯುವ ಒಂದು ಅಡ್ಡದಾರಿಯನ್ನು ಎಂಜಿನ್ನಿನ ಬಳಿಯಲ್ಲೇ ಕಲ್ಪಿಸಿ, ಅದರ ಕೊನೆ ಥರ್ಮೋಸ್ಟಾಟಿನ ಬಿಸಿಬದಿಗೆ ಸೇರುವಂತೆ ಮಾಡುವುದು. ಆ ಕೊಳವೆ ತೀರ ಸಣ್ಣದಾದರೆ ಸುದ್ದಿ ತಡವಾಗಿ ಮುಟ್ಟುತ್ತದೆ. ತೀರ ದೊಡ್ಡದಾದರೆ ಬಿಸಿನೀರಿನ ಹೆಚ್ಚಿನ ಪಾಲು ರೇಡಿಯೇಟರಿಗೆ ಹೋಗದೆ ಅಲ್ಲಿಯೇ ಗಿರಕಿ ಹೊಡೆಯುತ್ತದೆ. ನನ್ನ ವ್ಯಾನಿನಲ್ಲಿ ಹೀಟರ್ ಕೊಳವೆಯದೇ ಅಳತೆಯ ಹೋಸಿಗೆ ನಡುವೆ ಒಂದು ಕಿರಿದಾದ ಕಂಠ ಇಟ್ಟ ಮೇಲೆ ಮುಳ್ಳು ತೆಪ್ಪಗೆ ನಿಂತಿತು. ಥರ್ಮೋಸ್ಟಾಟ್ ಮಾತ್ರ ಆ ಎಂಜಿನ್ನಿನ ತಯಾರಕರದ್ದೇ ಆಗಿರಲಿ. ಹೊರನೋಟಕ್ಕೆ ಒಂದೇ ರೀತಿ ಕಾಣುವ ಬದಲಿಗಳ ಬಾಯಿ ಸಾಮಾನ್ಯವಾಗಿ ಕಿರಿದಾಗಿರುತ್ತದೆ.

ಹೊಟ್ಟೆಯ ಕೆಳಗಿನ ಪ್ಲಾಸ್ಟಿಕ್ ಕೊಳವೆಗಳು ಹಳೆಯವಾಗಿದ್ದರೆ ಅವುಗಳ ತುದಿಗಳಲ್ಲಿ ಬಿರುಕು ಬಿಡುವುದು ನಿಶ್ಚಿತ, ಆದ್ದರಿಂದ ಸ್ಟೇನ್‌ಲೆಸ್ ಸ್ಟೀಲಿನ ಕೊಳವೆಗಳಿಗೆ ಬದಲಾಯಿಸಿಬಿಡುವುದು ಒಳ್ಳೆಯದು. ರೇಡಿಯೇಟರ್ ಮೂಲದ್ದೇ ಸಾಕಾಗುತ್ತದೆ, ಆದರೆ ಒಳಗೆ ಕಟ್ಟಿಕೊಂಡಿರದ ಹೊಸದಾಗಿರಬೇಕು. ಗಾಳಿ ತೆಗೆಯುವ ಕ್ರಮಕ್ಕೂ ತಾಳ್ಮೆ ಬೇಕು: ಗಾಡಿಯ ಮೂತಿಯನ್ನು ಜಾಕಿನಿಂದ ಎತ್ತಿ, ರೇಡಿಯೇಟರಿನ ಮೇಲಿನ ಸಣ್ಣ ಸ್ಕ್ರೂ ಸಡಿಲಿಸಿ, ಎಂಜಿನ್ನನ್ನು 2000 ಸುತ್ತಿನ ಆಸುಪಾಸಿನಲ್ಲಿ ಹಿಡಿದು, ಗುಳ್ಳೆಯಿಲ್ಲದ ನೀರು ಬರುವವರೆಗೆ ಹಿಂದಿನ ಟ್ಯಾಂಕಿಗೆ ಕೂಲಂಟ್ ಸುರಿಯುತ್ತಿರಬೇಕು. ಅರ್ಧಕ್ಕೆ ನಿಲ್ಲಿಸಿದರೆ ಏರ್ ಲಾಕ್ ಆಗಿ, ಮುಂದೆ ರೇಡಿಯೇಟರ್ ತಣ್ಣಗಿರುವಾಗಲೇ ಹಿಂದೆ ಎಂಜಿನ್ ಸುಡುತ್ತಿರುತ್ತದೆ.

ವೈರಿಂಗ್ ಎಂದರೆ ಹೆದರುವವರು ಬಹಳ, ಆದರೆ ಅದು ಕಷ್ಟದ ಕೆಲಸಕ್ಕಿಂತ ನಿಧಾನದ ಕೆಲಸ. ಕಾರಿನ ಇಡೀ ಜಾಲವನ್ನು ಮೇಜಿನ ಮೇಲೆ ಹರಡಿ, ಸರ್ಕೀಟ್ ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಂಡು, ಎಂಜಿನ್ನಿಗೆ ಸಂಬಂಧಿಸಿದ ವೈರುಗಳನ್ನು ಉಳಿಸಿ, ದೀಪ, ಕಿಟಕಿ, ವೈಪರುಗಳಿಗೆ ಸೇರಿದವನ್ನು ಒಂದೊಂದಾಗಿ ಬಿಡಿಸಿ ತೆಗೆಯುತ್ತ ಹೋದರೆ ಕೊನೆಗೆ ವ್ಯಾನಿಗೆ ಜೋಡಿಸಬೇಕಾದದ್ದು ಕೆಲವೇ ವೈರುಗಳು: ಸದಾ ಇರುವ ವಿದ್ಯುತ್ತು, ಕೀಲಿ ತಿರುಗಿಸಿದಾಗ ಬರುವ ವಿದ್ಯುತ್ತು, ಸ್ಟಾರ್ಟರಿನ ಸೂಚನೆ, ಇಂಧನ ಪಂಪಿನ ರಿಲೇ, ಎಚ್ಚರಿಕೆಯ ದೀಪ, ಮತ್ತು ಗಾಡಿಯ ವೇಗದ ಸೂಚನೆ. ಕೊನೆಯದನ್ನು ಮರೆಯಬಾರದು. ಗಾಡಿ ಚಲಿಸುತ್ತಿದೆಯೋ ನಿಂತಿದೆಯೋ ತಿಳಿಯದ ಇಸಿಯು ಎಚ್ಚರಿಕೆಯ ದೀಪ ಹೊತ್ತಿಸುವುದಲ್ಲದೆ, ಕ್ಲಚ್ ಒತ್ತಿ ನಿಲ್ಲಿಸುವಾಗ ಎಂಜಿನ್ ಬಂದ್ ಆಗುವಂಥ ಚೇಷ್ಟೆಗಳನ್ನೂ ಮಾಡುತ್ತದೆ. ಟಿ3ರಲ್ಲಿ ಸ್ಪೀಡೋಮೀಟರಿನ ಕೇಬಲ್ ಹೊರಡುವುದು ಮುಂದಿನ ಚಕ್ರದಿಂದ; ಆ ಕೇಬಲ್ಲಿಗೆ ಒಂದು ಸಣ್ಣ ಕಾಂತೀಯ ಸೆನ್ಸರ್ ಕೂರಿಸಿದರೆ ಕೆಲಸ ಮುಗಿಯಿತು. ಇಸಿಯುವಿನ ಅರ್ಥಿಂಗ್ ವೈರುಗಳೆಲ್ಲ ಎಂಜಿನ್ನಿನ ಮೈಗೆ, ತುಕ್ಕು ಉಜ್ಜಿ ತೆಗೆದ ಜಾಗಕ್ಕೆ, ಬಿಗಿಯಾಗಿ ಸೇರಿರಲಿ. ಅನಂತರದ ವರ್ಷಗಳ ಕಾರುಗಳಲ್ಲಿ ಕೀಲಿಯನ್ನು ಗುರುತಿಸುವ ಇಮೊಬಿಲೈಸರ್ ಇರುತ್ತದೆ. ಹಳೆಯ ಇಜೆ22ನ್ನು ಮೆಚ್ಚಲು ಅದಿಲ್ಲದಿರುವುದೂ ಒಂದು ಕಾರಣ.

ಗೇರ್‌ಬಾಕ್ಸ್ ಮೂಲದಲ್ಲಿ 141 ನ್ಯೂಟನ್ ಮೀಟರ್ ಟಾರ್ಕ್ ಕೊಡುವ ಎಂಜಿನ್ನಿನ ಜೊತೆ ಬಂದದ್ದು. ಅದಕ್ಕೆ 185 ಹೊರಿಸಿದರೆ, ಒಳಗೆಲ್ಲ ಸುಸ್ಥಿತಿಯಲ್ಲಿದ್ದು, ಓಡಿಸುವವರ ಕಾಲು ಹತೋಟಿಯಲ್ಲಿದ್ದರೆ, ತಾಳುತ್ತದೆ. ಮೂರು ಮತ್ತು ನಾಲ್ಕನೇ ಗೇರುಗಳ ನಡುವಿನ ಹಬ್ (ಆ ಗೇರುಗಳನ್ನು ದಂಡಕ್ಕೆ ಜೋಡಿಸುವ ಭಾಗ) ಅದರ ಸೂಕ್ಷ್ಮ ಜಾಗ. ಎಂಜಿನ್ ಇಳಿಸಿದಾಗಲೇ ಗೇರ್‌ಬಾಕ್ಸನ್ನೂ ಬಿಚ್ಚಿ ನೋಡಿಸಿ, ಸಾಧ್ಯವಾದರೆ ನಾಲ್ಕನೆಯದರ ಅನುಪಾತವನ್ನು ಸ್ವಲ್ಪ ಉದ್ದ ಮಾಡಿಸುವುದು ಜಾಣತನ. ಟೈರಿನ ಸುತ್ತಳತೆ 2 ಮೀಟರ್, ಒಟ್ಟು ಅನುಪಾತ 4.1 ಎಂದಾದರೆ ಗಂಟೆಗೆ 100 ಕಿಲೋಮೀಟರಿಗೆ ಎಂಜಿನ್ 3400 ಸುತ್ತು ತಿರುಗುತ್ತದೆ, ಅನುಪಾತವನ್ನು 3.6ಕ್ಕೆ ತಂದರೆ 3000. ಹಳೆಯ ಎಂಜಿನ್ ಆ ಉದ್ದನೆಯ ಗೇರನ್ನು ಎಳೆಯುತ್ತಿರಲಿಲ್ಲ, ಇದು ಎಳೆಯುತ್ತದೆ. ಬದಲಾವಣೆಯಿಂದ ಸಿಗುವ ನೆಮ್ಮದಿಯ ಅರ್ಧ ಭಾಗ ಈ ನಾನೂರು ಸುತ್ತುಗಳಲ್ಲಿದೆ ಎಂದರೆ ಅತಿಶಯೋಕ್ತಿಯಲ್ಲ. ಸುಬಾರುವಿನ ಗೇರ್‌ಬಾಕ್ಸನ್ನೇ ತಂದು ಹಾಕುವವರೂ ಇದ್ದಾರೆ, ಆದರೆ ಆ ಕಾರಿನಲ್ಲಿ ಎಂಜಿನ್ ಇರುವುದು ಗೇರ್‌ಬಾಕ್ಸಿನ ಮುಂದೆ, ಇಲ್ಲಿ ಹಿಂದೆ. ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿನ ಕ್ರೌನ್ ಮತ್ತು ಪಿನಿಯನ್ ಹಲ್ಲುಚಕ್ರಗಳನ್ನು ತಿರುವುಮುರುವು ತಿರುಗುವಂತೆ ಬದಲಿಸದಿದ್ದರೆ ಗಾಡಿಗೆ ಹಿಮ್ಮುಖದ ಐದು ಗೇರು, ಮುಮ್ಮುಖದ ಒಂದು ಗೇರು ಸಿಕ್ಕೀತು.

ಬ್ರೇಕಿನ ವಿಷಯವನ್ನು ಎಂಜಿನ್ನಿಗಿಂತ ಮೊದಲೇ ಮುಗಿಸಿಕೊಳ್ಳಿ. ಏರನ್ನು ವೇಗವಾಗಿ ಹತ್ತಿದ ಗಾಡಿ ಇಳಿಜಾರನ್ನೂ ಅದೇ ವೇಗದಲ್ಲಿ ಎದುರುಗೊಳ್ಳುತ್ತದೆ. ಮುಂದಿನ ಡಿಸ್ಕುಗಳು, ಹಿಂದಿನ ಡ್ರಮ್ಮುಗಳ ಸಿಲಿಂಡರುಗಳು, ಎಲ್ಲ ರಬ್ಬರ್ ಹೋಸುಗಳು, ಬ್ರೇಕ್ ಆಯಿಲ್ ಹೊಸದಾಗಿರಲಿ. 15 ಅಥವಾ 16 ಇಂಚಿನ ಚಕ್ರ ಹಾಕಿದರೆ ಇನ್ನೂ ದೊಡ್ಡ ಡಿಸ್ಕಿಗೆ ಜಾಗವಾಗುತ್ತದೆ. ಟೈರುಗಳು ಕಾರಿನವಲ್ಲ, ಭಾರ ಹೊರುವ ವ್ಯಾನುಗಳಿಗೆಂದೇ ತಯಾರಾದವಾಗಿರಬೇಕು.

ಈ ವ್ಯಾನಿನಲ್ಲಿ ಮಲಗುವ ಹಾಸಿಗೆ ಇರುವುದು ಎಂಜಿನ್ನಿನ ಮೇಲೆ ಎಂಬುದನ್ನು ಪೆಟ್ರೋಲಿನ ಹೋಸುಗಳ ವಿಷಯ ಬಂದಾಗಲೆಲ್ಲ ನೆನೆಯಬೇಕು. ಹಳೆಯ ಟಿ3ಗಳು ಹೊತ್ತಿಕೊಳ್ಳುವುದಕ್ಕೆ ಮುಖ್ಯ ಕಾರಣ ಗಡುಸಾಗಿ ಬಿರುಕುಬಿಟ್ಟ ಇಂಧನ ಹೋಸುಗಳು. ಟ್ಯಾಂಕಿನಿಂದ ಇಂಜೆಕ್ಟರಿನವರೆಗೆ ಪ್ರತಿಯೊಂದು ತುಂಡನ್ನೂ ಇಂಜೆಕ್ಷನ್ ಒತ್ತಡಕ್ಕೆ ತಕ್ಕ ಹೊಸ ಹೋಸಿನಿಂದ, ಸರಿಯಾದ ಕ್ಲಿಪ್ಪುಗಳಿಂದ ಬದಲಿಸಬೇಕು. ಪಂಪಿನ ರಿಲೇಯನ್ನು ಇಸಿಯುವಿನ ಕೈಗೇ ಕೊಡಬೇಕು, ಎಂಜಿನ್ ನಿಂತರೆ ಪಂಪೂ ನಿಲ್ಲಬೇಕು. ಎಂಜಿನ್ ಮುಚ್ಚಳದ ಸುತ್ತಲಿನ ರಬ್ಬರ್ ಪಟ್ಟಿ, ವೈರು ಮತ್ತು ಕೊಳವೆಗಳಿಗಾಗಿ ಕೊರೆದ ರಂಧ್ರಗಳು, ಎಲ್ಲವೂ ಗಾಳಿಯಾಡದಂತೆ ಮುಚ್ಚಿರಬೇಕು. ವಾಸನೆಯೇ ಇಲ್ಲದ ಕಾರ್ಬನ್ ಮೋನಾಕ್ಸೈಡ್ ಒಳಗೆ ಬಂದರೆ ಗೊತ್ತಾಗುವುದಿಲ್ಲ. ಹಾಸಿಗೆಯ ಬಳಿ ಅದನ್ನು ಪತ್ತೆಹಚ್ಚುವ ಅಲಾರಂ, ಕೈಗೆಟಕುವಲ್ಲಿ ಬೆಂಕಿ ಆರಿಸುವ ಸಾಧನ, ಇವೆರಡೂ ಇಲ್ಲದೆ ಆ ಹಾಸಿಗೆಯಲ್ಲಿ ನಾನು ಮಲಗುವುದಿಲ್ಲ.

ಕಾನೂನಿನ ಮಾತು ಒಂದೇ ಸಾಲಿನಲ್ಲಿ: ಎಂಜಿನ್ ಬದಲಾವಣೆಗೆ ಯಾವ ಷರತ್ತುಗಳಿವೆ, ಹೊಗೆಯ ಮಿತಿ ಗಾಡಿಯ ವರ್ಷಕ್ಕೆ ತಕ್ಕಂತೆಯೋ ಎಂಜಿನ್ನಿನ ವರ್ಷಕ್ಕೆ ತಕ್ಕಂತೆಯೋ ಎಂಬುದನ್ನು ನೋಂದಣಿ ಮಾಡುವವರಿಂದ ಎಂಜಿನ್ ಕೊಳ್ಳುವ ಮೊದಲೇ ಲಿಖಿತವಾಗಿ ತಿಳಿದುಕೊಂಡು, ಕೆಲಸ ಮುಗಿದೊಡನೆ ದಾಖಲೆಗಳಲ್ಲಿ ಹೊಸ ಎಂಜಿನ್ ಸಂಖ್ಯೆ ಬರೆಯಿಸಿ, ವಿಮೆಯವರಿಗೂ ತಿಳಿಸಬೇಕು.

ಈಗ ಗಾಡಿ ಹೇಗಿದೆ ಎಂದು ಕೇಳುವವರಿಗೆ ಹೇಳುವುದು ಇಷ್ಟು. ಹಿಂದೆ ಮೂರನೇ ಗೇರಿನಲ್ಲಿ ಏದುಸಿರು ಬಿಡುತ್ತಿದ್ದ ಏರುಗಳನ್ನು ಅದೇ ಗೇರಿನಲ್ಲಿ ಅರ್ಧ ಆಕ್ಸಿಲರೇಟರಿನಲ್ಲಿ ಹತ್ತುತ್ತದೆ, ಹಿಂದಿನ ಲಾರಿಗೆ ದಾರಿ ಬಿಡಲು ಬದಿಗೆ ಸರಿಯಬೇಕಾಗಿಲ್ಲ. ಪೆಟ್ರೋಲು ಕುಡಿಯುವುದು ಕಡಿಮೆಯಾಗಿಲ್ಲ. ಗಾಳಿಗೆ ಎದೆಯೊಡ್ಡಿ ನಿಂತ ಆ ಚೌಕ ಮೂತಿ ಬದಲಾಗದಿರುವಾಗ ಕಡಿಮೆಯಾಗುವುದೂ ಇಲ್ಲ. 110ರ ಮೇಲೆ ಓಡಿಸುವ ಆಸೆ ನನಗಿಲ್ಲ, ಅಡ್ಡಗಾಳಿ ಬೀಸಿದಾಗ ಸ್ಟಿಯರಿಂಗು ಆ ಆಸೆಗೆ ಒಪ್ಪುವುದೂ ಇಲ್ಲ. ಮೊದಲ ಸಾವಿರ ಕಿಲೋಮೀಟರಿನ ನಂತರ ಆಧಾರದ ತೊಲೆಗಳ ಬೋಲ್ಟುಗಳನ್ನು, ಹೋಸಿನ ಕ್ಲಿಪ್ಪುಗಳನ್ನು, ಸೈಲೆನ್ಸರಿನ ಜೋಡಣೆಗಳನ್ನು ಮತ್ತೊಮ್ಮೆ ಬಿಗಿಮಾಡಿದ್ದೇನೆ. ಮೂಲ ಎಂಜಿನ್ನನ್ನು ಮಾರಿಲ್ಲ. ಎಣ್ಣೆ ಸವರಿ, ಬಾಯಿಗಳನ್ನೆಲ್ಲ ಮುಚ್ಚಿ, ಅದರ ಮೌಂಟಿಂಗು, ಸೈಲೆನ್ಸರುಗಳ ಸಮೇತ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಈ ವ್ಯಾನನ್ನು ಮುಂದೊಮ್ಮೆ ಕೊಳ್ಳುವವರು ಮೂಲ ಸ್ಥಿತಿಯಲ್ಲೇ ಬೇಕೆನ್ನುವವರಾದರೆ, ಮರಳಿ ಕೂರಿಸಿಕೊಳ್ಳಲು ಅಡ್ಡಿಯಾಗುವಂತೆ ಗಾಡಿಯ ಮೈಯಲ್ಲಿ ಎಲ್ಲಿಯೂ ಏನನ್ನೂ ಕತ್ತರಿಸಿಲ್ಲ.